ಚೌಕವಿಲ್ಲದ ಎಣ್ಣೆ ಡಬ್ಬ

ನನ್ನ ಮಗಳು ಹಸುಗಳಿಗೆ ಸೂಜಿ ಹಾಕುವವಳು. ಹಾಗೆಂದರೆ ಪೇಟೆಯವರಿಗೆ ತಿಳಿಯುವುದಿಲ್ಲ, ಬಿಡಿಸಿ ಹೇಳುತ್ತೇನೆ. ಹಸು ಬೆದೆಗೆ ಬಂದರೆ ಹೋರಿ ಇರುವ ಮನೆಗೆ ಹೊಡೆದುಕೊಂಡು ಹೋಗುವ ಕಾಲ ಮುಗಿಯಿತು. ಈಗ ಹೋರಿಯ ಬೀಜ ಊದುಬತ್ತಿ ತುಂಡಿನಷ್ಟು ಸಣ್ಣ ಪ್ಲಾಸ್ಟಿಕ್ ಕಡ್ಡಿಯೊಳಗೆ ಬರುತ್ತದೆ. ಭುಜದವರೆಗೆ ಗವಸು ಹಾಕಿಕೊಂಡು, ಹಿಂದಿನಿಂದ ಕೈ ತೂರಿಸಿ, ಅದನ್ನು ಗರ್ಭಕ್ಕೆ ಬಿಡಬೇಕು. ಸೂಜಿ ಎಲ್ಲಿಯೂ ಇಲ್ಲ. ಆದರೂ ನಮ್ಮ ಕಡೆ ಸೂಜಿ ಎಂದೇ ಹೇಳುತ್ತಾರೆ. ಓದಿ ಮುಖ ಸಿಂಡರಿಸುವವರು ಹಾಲು ಕುಡಿಯುವುದನ್ನೂ ಬಿಡಬೇಕಾಗುತ್ತದೆ.

ಕಡ್ಡಿಗಳನ್ನು ಇಡಲು ಒಂದು ದಪ್ಪ ಕ್ಯಾನ್ ಇದೆ. ಅದರೊಳಗೆ ಹೊಗೆಯಾಡುವ ನೀರಿನಂಥದ್ದು ಇರುತ್ತದೆ. ಅದು ಎಷ್ಟು ತಣ್ಣಗೆಂದರೆ ಕೈಗೆ ತಗುಲಿದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಎಲ್ಲರೂ ಅದನ್ನು ಗ್ಯಾಸ್ ಎನ್ನುತ್ತಾರೆ. ಮುಚ್ಚಿಟ್ಟರೂ ದಿನದಿಂದ ದಿನಕ್ಕೆ ಆರುತ್ತದೆ. ಪೂರ್ತಿ ಆರಿದರೆ ಕಡ್ಡಿಯೊಳಗಿನ ಜೀವ ಹೋಯಿತು. ಅರಸೀಕೆರೆಗೆ ಗ್ಯಾಸಿನ ಲಾರಿ ಬಂದ ದಿನ ಹೋಗಿ ತುಂಬಿಸಿಕೊಂಡು ಬರಲೇಬೇಕು.

ಪ್ರತಿ ಕಡ್ಡಿಯ ಮೇಲೂ ಇರುವೆ ಸಾಲಿನಷ್ಟು ಸಣ್ಣದಾಗಿ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಮಗಳು ಕಡ್ಡಿ ತೆಗೆದ ಕೂಡಲೇ ಆ ನಂಬರನ್ನು ಗಟ್ಟಿಯಾಗಿ ಓದಿ ಹಸುವಿನ ಮಾಲೀಕನಿಗೆ ತೋರಿಸುತ್ತಿದ್ದಳು. ಹಾಸನದಲ್ಲಿ ತರಬೇತಿ ಕೊಟ್ಟವರು ಹಾಗೆ ಕಲಿಸಿದ್ದರಂತೆ. ನೋಡಿದವರು ನಗುತ್ತಿದ್ದರು.

"ಏ ಡಾಕ್ಟ್ರವ್ವ, ಬೇಗ ಹಾಕು. ಆ ಹೋರಿ ನಂಬರ್ ಕಟ್ಕೊಂಡು ನಾನೇನ್ ಫೋನ್ ಮಾಡ್ಬೇಕಾ ಅದುಕ್ಕೆ?"

"ನಾನು ಡಾಕ್ಟ್ರಲ್ಲ ಕಣಣ್ಣ. ಸೂಜಿಯೋಳು. ನಂಬರ್ ನೋಡ್ಕೊ."

ನಮ್ಮೂರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ. ಮಗಳ ಗಂಡ ಬದುಕಿದ್ದಾನೆ. ಅವನ ವಿಷಯ ಇಷ್ಟು ಸಾಕು. ಮನೆಯಲ್ಲಿ ನಾನು, ಅವಳು, ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಮೂವರ ಊಟವೂ ಒಂದು ಮೋಟರ್‌ಸೈಕಲ್ಲಿನ ಮೇಲೆ ನಿಂತಿತ್ತು. ಬೆಳಿಗ್ಗೆ ಬೆದೆಗೆ ಬಂದು ಕೂಗಿದ ಹಸುವಿಗೆ ಸಂಜೆಯೊಳಗೆ ಸೂಜಿ ಆಗಬೇಕು. ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಕಾದಷ್ಟೂ ದಿನ ಮೇವು ದಂಡ. ಫೋನ್ ಬಂದ ಕೂಡಲೇ ಹೋಗದಿದ್ದರೆ ಆ ಮನೆಯಿಂದ ಎರಡನೇ ಸಲ ಫೋನ್ ಬರುವುದಿಲ್ಲ. ಸ್ಕೂಟರ್ ಆಗುವುದಿಲ್ಲ. ಕ್ಯಾನ್ ಕಟ್ಟಿಕೊಂಡು ತೋಟದ ಕೊರಕಲಿನಲ್ಲಿ ಹೋಗಬೇಕು. ಅದಕ್ಕೇ ಅವಳು ಗೇರಿನ ಗಾಡಿ ತೆಗೆದುಕೊಂಡದ್ದು. ಗಂಡಸಿನ ಹಾಗೆ ಕಾಲು ಆಚೆ ಹಾಕಿಕೊಂಡು ಹೋಗುತ್ತಾಳೆ ಎಂದು ಅರಳಿಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ಅವರ ಮನೆಯ ಹಸುಗಳಿಗೂ ಅವಳೇ ಸೂಜಿ ಹಾಕಿದಳು. ಆಮೇಲೆ ಸುಮ್ಮನಾದರು.

ಗಾಡಿ ಅರಸೀಕೆರೆಯ ಷೋರೂಮಿನಲ್ಲಿ ಕೊಂಡಿದ್ದು. ಸರ್ವಿಸನ್ನು ತಪ್ಪದೆ ಅಲ್ಲೇ ಮಾಡಿಸುತ್ತಿದ್ದಳು. ಆದರೆ ಅವಳಷ್ಟು ಓಡಿಸುವವರು ನಡುವೆ ಒಮ್ಮೆ ಇಂಜಿನ್ ಎಣ್ಣೆ ಬದಲಿಸಬೇಕಾಗುತ್ತದೆ. ಅದಕ್ಕೆ ಅರಸೀಕೆರೆಗೆ ಹೋದರೆ ಇಡೀ ದಿನ ಗಾಡಿ ಹಿಡಿದಿಟ್ಟುಕೊಳ್ಳುತ್ತಾರೆ. ಆ ದಿನ ಯಾವ ಹಸುವೂ ಬೆದೆಗೆ ಬರಬೇಡ ಎಂದು ಹೇಳಲು ಆಗುತ್ತದೆಯೇ? ಹಾಗಾಗಿ ಹಳೇಬೀಡಿನ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹಾಕಿಸತೊಡಗಿದಳು.

ಮೊದಲ ಸಲ ಹಾಕಿಸಿದ ದಿನ ನಾನೂ ಜೊತೆಗಿದ್ದೆ. ಮಂಡಿನೋವಿಗೆ ಬೇಲೂರು ಆಸ್ಪತ್ರೆಗೆ ಹೋಗಿ ಅವಳ ಹಿಂದೆ ಕೂತು ಬರುತ್ತಿದ್ದೆ. ಮೆಕ್ಯಾನಿಕ್ಕಿನ ಗೋಡೆಯ ಮೇಲೆ ಎಣ್ಣೆ ಕಂಪನಿಯವರು ಕೊಟ್ಟ ಗಡಿಯಾರ, ಮೈಮೇಲೆ ಅದೇ ಕಂಪನಿಯವರು ಕೊಟ್ಟ ಅಂಗಿ. ಅವನು ಕೆಳಗಿಟ್ಟ ಡಬ್ಬವೂ ಅದೇ ಕಂಪನಿಯದು.

"ನಮ್ ಗಾಡಿ ಪುಸ್ತಕ್ದಲ್ಲಿ ಎಂಎ ಟೂ ಎಣ್ಣೇನೇ ಹಾಕ್ಬೇಕು ಅಂತ ಐತೆ," ಎಂದಳು ಮಗಳು. "ಇದು ಅದೇನಾ?"

"ಅದೇ ಕಣಕ್ಕ. ನೋಡು, ಇಲ್ಲೇ ಬರ್ದವ್ರೆ. ಎಂಎ ಟೂ. ನಾನು ಬರ್ದಿದ್ದಾ? ಕಂಪ್ನಿಯೋರು ಬರ್ದಿದ್ದು."

ಅವಳು ಬಗ್ಗಿ ಇಂಗ್ಲಿಷ್ ಅಕ್ಷರ ಓದಿದಳು. ಇತ್ತು. ಆಮೇಲೆ ನಮ್ಮ ಮನೆಯವರೆಲ್ಲ ಮಾಡುವ ಕೆಲಸ ಮಾಡಿದಳು. ನಾನು ಮೂವತ್ತು ವರ್ಷಕ್ಕೂ ಮೇಲೆ ಅರಸೀಕೆರೆಯ ಕೊಬ್ಬರಿ ಎಣ್ಣೆ ಮಿಲ್ಲಿನಲ್ಲಿ ದುಡಿದವಳು. ಮಗಳು ನಡೆಯಲು ಕಲಿತದ್ದೇ ಅಲ್ಲಿ. ಎಣ್ಣೆ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಹೆಬ್ಬೆಟ್ಟಿಗೂ ತೋರುಬೆರಳಿಗೂ ಒಂದು ಹನಿ ತೆಗೆದುಕೊಂಡು ಉಜ್ಜುತ್ತೇವೆ. ಸಲೀಸಾಗಿ ಜಾರಿದರೆ ಒಳ್ಳೆಯ ಎಣ್ಣೆ, ಬೆರಳು ಹಿಡಿದರೆ ಕಲಬೆರಕೆ. ಅವಳು ಉಜ್ಜಿ ಕೈಯನ್ನು ನನ್ನ ಕಡೆ ಚಾಚಿದಳು. ನಾನೂ ಉಜ್ಜಿದೆ. ಬೆಣ್ಣೆಯಂತೆ ಜಾರಿತು.

"ಚೆನ್ನಾಗೈತೆ," ಎಂದೆ.

"ಅಜ್ಜಿ ಪಾಸ್ ಮಾಡ್ಬುಟ್ರು, ಇನ್ನೇನ್ ಬೇಕು?" ಎಂದು ಮೆಕ್ಯಾನಿಕ್ಕು ನಗುತ್ತಾ ಸುರಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಗಾಡಿ ಆಟ ಹೂಡಿತು. ಹಳೇಬೀಡಿನಾಚೆ ಬೇಲೂರು ರಸ್ತೆಯ ಏರಿನಲ್ಲಿ ಇಂಜಿನ್ ಕಿರುಚುತ್ತದೆ, ಚಕ್ರ ತಿರುಗುವುದಿಲ್ಲ. ಎಷ್ಟು ತಿರುವಿದರೂ ಸದ್ದು ಮಾತ್ರ. ಮಗಳು ಇಳಿದು ಕ್ಯಾನ್ ಸಮೇತ ತಳ್ಳಿಕೊಂಡು ಹೋಗುವಷ್ಟರಲ್ಲಿ ಅವಳನ್ನು ಕರೆದಿದ್ದ ಹಸುವಿನ ಮನೆಯವರು ಬೇರೆಯವನನ್ನು ಕರೆಸಿಯಾಗಿತ್ತು.

ಆ ಬೇರೆಯವನು ಜಾವಗಲ್ ಕಡೆಯವನು. ಹಿಂದೆ ಸರ್ಕಾರಿ ಡಾಕ್ಟರು ಬಂದಾಗ ಹಸುವಿನ ಬಾಲ ಹಿಡಿದು ನಿಲ್ಲುತ್ತಿದ್ದವನು. ತರಬೇತಿಯಿಲ್ಲ, ಸರ್ಟಿಫಿಕೇಟಿಲ್ಲ. ನೋಡಿ ನೋಡಿ ಕಲಿತೆ ಎನ್ನುತ್ತಾನೆ. ಗಾಡಿಯ ಮುಂದೆ ಹಸುವಿನ ಚಿತ್ರ, ಕೆಂಪು ಪ್ಲಸ್ ಗುರುತು. ಜನ ಡಾಕ್ಟ್ರೇ ಎಂದರೆ ಓಗೊಡುತ್ತಾನೆ. ಅವನ ಕಡ್ಡಿಗಳು ಎಲ್ಲಿಂದ ಬರುತ್ತವೋ, ಅವುಗಳ ಮೇಲೆ ಏನಾದರೂ ಬರೆದಿರುತ್ತದೋ ಇಲ್ಲವೋ, ಯಾರೂ ಕೇಳಿದ್ದನ್ನು ನಾನು ಕಾಣೆ.

ಮೆಕ್ಯಾನಿಕ್ಕು ಗಾಡಿ ಬಿಚ್ಚಿ ಕ್ಲಚ್ ಪ್ಲೇಟು ಸುಟ್ಟಿದೆ ಎಂದ. ಹೆಂಗಸರು ಕ್ಲಚ್ ಹಿಡಿದೇ ಓಡಿಸುತ್ತಾರೆ, ಅದಕ್ಕೇ ಸುಡುತ್ತದೆ ಎಂದೂ ಸೇರಿಸಿದ.

"ನಾನ್ ಹಿಡ್ಕೊಂಡ್ ಓಡ್ಸಿದ್ರೆ ಇಷ್ಟ್ ದಿನ ಯಾಕ್ ಸುಡ್ಲಿಲ್ಲ?" ಎಂದಳು ಮಗಳು.

"ಇಷ್ಟ್ ದಿನ ಹೊಸ್ದಿತ್ತು ಕಣಕ್ಕ."

ಹೊಸ ಪ್ಲೇಟು ಹಾಕಿದ. ಅದೇ ಎಣ್ಣೆಯನ್ನೇ ಸುರಿದ. ಸ್ವಲ್ಪ ದಿನ ಓಡಿತು, ಮತ್ತೆ ಕಿರುಚತೊಡಗಿತು. ಕೊನೆಗೆ ಒಂದು ಮಧ್ಯಾಹ್ನ ಕಣಕಟ್ಟೆ ಕಡೆ ಹೋಗುವಾಗ ಇಂಜಿನ್ ಕಾದು ಕಾದು ಕಚ್ಚಿಕೊಂಡು ನಿಂತಿತು. ಒದ್ದರೆ ಕಿಕ್ಕರ್ ಕೆಳಗಿಳಿಯಲಿಲ್ಲ. ಗೂಡ್ಸ್ ಆಟೋದಲ್ಲಿ ಹಾಕಿಸಿ ಅರಸೀಕೆರೆ ಷೋರೂಮಿಗೆ ಬಿಟ್ಟು ಬಂದಳು. ವಾರಂಟಿ ಇನ್ನೂ ಇತ್ತು. ಇಂಜಿನ್ ಕಂಪನಿಯವರೇ ಸರಿ ಮಾಡಿಕೊಡಬೇಕು. ಬಿಚ್ಚಿ ನೋಡಿ ಹೇಳುತ್ತೇವೆ ಎಂದರು.

ಅವರು ನೋಡುವಷ್ಟರಲ್ಲಿ ಕ್ಯಾನಿನ ಗ್ಯಾಸ್ ಇಳಿಯುತ್ತಾ ಬಂತು. ಮಗಳು ದಿನಾ ಒಂದು ಕಪ್ಪು ಪಟ್ಟಿಯನ್ನು ಒಳಗೆ ಅದ್ದಿ ತೆಗೆದು ಗಾಳಿಯಲ್ಲಿ ಆಡಿಸುತ್ತಿದ್ದಳು. ಎಲ್ಲಿಯವರೆಗೆ ಬಿಳಿಯ ಹಿಮ ಕೂರುತ್ತದೋ ಅಲ್ಲಿಯವರೆಗೆ ಗ್ಯಾಸ್ ಇದೆ ಎಂದು ಲೆಕ್ಕ. ಆ ಬಿಳುಪು ಗೇಣಿನಿಂದ ಮೂರು ಬೆರಳಿಗೆ ಬಂತು, ಮೂರು ಬೆರಳಿನಿಂದ ಒಂದಕ್ಕೆ. ಗ್ಯಾಸಿನ ಲಾರಿ ಬರುವ ದಿನವೇ ಷೋರೂಮಿನಿಂದಲೂ ಬನ್ನಿ ಎಂದು ಫೋನ್ ಬಂತು. ಒಂದೇ ಓಡಾಟದಲ್ಲಿ ಎರಡೂ ಮುಗಿಯುತ್ತವೆ ಎಂದುಕೊಂಡೆವು. ಜೊತೆಗೆ ನಾನೂ ಹೊರಟೆ, ಜಗಳವಾದರೆ ಮಾತಾಡಲು ಒಬ್ಬರು ಬೇಕು ಎಂದು. ಮಗಳಿಗೆ ಜಗಳ ಬರುವುದಿಲ್ಲ. ನನ್ನಿಂದ ಕಲಿಯದೆ ಬಿಟ್ಟದ್ದು ಅದೊಂದೇ.

ಬಸ್ಸಿನ ಮೆಟ್ಟಿಲಲ್ಲಿ ಕಂಡಕ್ಟರ್ ಕ್ಯಾನ್ ನೋಡಿದ.

"ಏನಮ್ಮ ಇದು? ಹೊಗೆ ಬತ್ತಾ ಐತೆ. ಬಾಂಬಾ?"

"ಹಸುಗೆ ಸೂಜಿ ಹಾಕೋ ಗ್ಯಾಸು ಕಣಣ್ಣ. ಏನೂ ಆಗಲ್ಲ."

"ಏನೂ ಆಗಲ್ಲ ಅಂತ ನೀನ್ ಹೇಳ್ತೀಯ. ಆದ್ಮೇಲೆ ಉತ್ರ ಕೊಡೋನು ನಾನು. ಟಿಕೆಟ್ ಬಿಟ್ಟಿ ಅಂದ್ಬುಟ್ಟು ಸಿಕ್ಕಿದ್ದೆಲ್ಲ ಏರ್ಸೋದಾ? ಇಳ್ಸು, ಇಳ್ಸು."

"ಲೇ, ನಿಮ್ಮವ್ವನ್ಗೆ ಬಿಟ್ಟಿ ಅಲ್ವೇನೋ?" ಎಂದೆ ನಾನು.

ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರ್ ನಗಲಿಲ್ಲ, ಸೀಟಿ ಬಾಯಿಗಿಟ್ಟುಕೊಂಡ. ಮಗಳು ಒಂದು ಗಳಿಗೆ ಯೋಚಿಸಿದಳು. ಕ್ಯಾನನ್ನು ಮನೆಯಲ್ಲಿಟ್ಟು ಬಂದಳು, ಇಬ್ಬರೂ ಮುಂದಿನ ಬಸ್ಸು ಹತ್ತಿದೆವು.

"ಗಾಡಿ ಕೊಡ್ತಾರೆ ಕಣವ್ವ. ಅದ್ರಲ್ಲೇ ವಾಪಸ್ ಬಂದು ಕ್ಯಾನ್ ತಗೊಂಡ್ ಹೋಯ್ತೀನಿ. ಲಾರಿ ಸಂಜೆ ಗಂಟ ಇರ್ತೈತೆ."

ಅಷ್ಟು ನಂಬಿಕೆ ಬರಲು ಕಾರಣ ಅವಳ ಮಡಿಲಿನ ಚೀಲದಲ್ಲಿತ್ತು. ಎಣ್ಣೆಯ ಖಾಲಿ ಡಬ್ಬ. ಯಾರೂ ಕೇಳಿರಲಿಲ್ಲ, ಅವಳೇ ತಂದಿದ್ದಳು. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿಸಿದ್ದೇನೆ ಎಂಬುದಕ್ಕೆ ಅದು ಸಾಕ್ಷಿ.

ಷೋರೂಮಿನ ಸೂಪರ್‌ವೈಸರ್ ಒಳ್ಳೆಯ ಹುಡುಗ. ಕೂರಿಸಿ ಮಾತಾಡಿಸಿದ. ಒಂದು ತಟ್ಟೆಯಲ್ಲಿ ನಮ್ಮ ಗಾಡಿಯ ಒಳಗಿನ ಸಾಮಾನು ತಂದು ತೋರಿಸಿದ. ಪ್ಲೇಟುಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು. ಪಿಸ್ಟನ್ನಿಗೆ ಉದ್ದುದ್ದ ಗೀರು.

"ಯಾವ ಆಯಿಲ್ ಹಾಕ್ಸಿದ್ರಿ ಮೇಡಂ?"

ಮಗಳು ಡಬ್ಬ ಎತ್ತಿ ಮೇಜಿನ ಮೇಲಿಟ್ಟಳು. "ಎಂಎ ಟೂ. ನಿಮ್ ಪುಸ್ತಕ್ದಲ್ಲಿ ಇರೋದೇ."

ಅವನು ಡಬ್ಬವನ್ನು ಸುತ್ತ ತಿರುಗಿಸಿದ. ತಳ ನೋಡಿದ. ಮತ್ತೆ ತಿರುಗಿಸಿದ. ಆಮೇಲೆ ಒಳಗಿನಿಂದ ಇನ್ನೊಂದು ಡಬ್ಬ ತಂದು ಪಕ್ಕದಲ್ಲಿಟ್ಟ. ಅದರ ಹಿಂದುಗಡೆ ಒಂದು ಸಣ್ಣ ಚೌಕ. ಚೌಕದೊಳಗೆ ಒಂದು ನಂಬರ್, ನಂಬರಿನ ಜೊತೆಗೆ ಎಂಎ ಟೂ.

"ಇದರಲ್ಲಿ ಚೌಕ ಇದೆ, ನೋಡಿದ್ರಾ? ನಿಮ್ಮದರಲ್ಲಿಲ್ಲ. ನಿಮ್ಮದರಲ್ಲಿ ಏನ್ ಬರೆದಿದೆ ಅಂದ್ರೆ, ಎಂಎ ಟೂ ಮಟ್ಟಕ್ಕೆ ತಕ್ಕಂತಿದೆ ಅಂತ. ತಕ್ಕಂತಿದೆ ಅಂತ ಯಾರು ಹೇಳ್ತಿರೋದು? ಅವರೇ."

"ಇನ್ಯಾರಪ್ಪ ಹೇಳ್ಬೇಕು?" ಎಂದೆ. "ಎಣ್ಣೆ ಮಾಡ್ದೋರು ಅವ್ರು ತಾನೆ?"

"ಯಾರು ಬೇಕಾದ್ರೂ ತಕ್ಕಂತಿದೆ ಅಂತ ಅಚ್ಚು ಹಾಕ್ಬಹುದು ಅಜ್ಜಿ. ಚೌಕ, ನಂಬರ್ ಬೇಕು ಅಂದ್ರೆ ಹೊರದೇಶದ ಒಂದು ಕಮಿಟಿಯಲ್ಲಿ ಹೆಸರು ಬರೆಸ್ಬೇಕು."

"ಅವ್ರು ಎಣ್ಣೆ ತಗ್ದು ಪರೀಕ್ಷೆ ಮಾಡ್ತಾರಾ?"

ಅವನು ತಲೆ ಕೆರೆದುಕೊಂಡ. "ಪರೀಕ್ಷೆ ಕಂಪನಿಯವರೇ ಮಾಡಿಸಿ ಅವರಿಗೆ ಬರೆದು ಕಳಿಸ್ತಾರೆ."

"ಅಂಗಾರೆ ಅದೂ ಅವ್ರೇ ಹೇಳ್ಕೊಂಡಂಗಾಯ್ತಲ್ಲಪ್ಪ!"

"ಹೌದು ಅಜ್ಜಿ. ಆದ್ರೆ ನಂಬರ್ ಇದ್ರೆ ನಾಳೆ ಏನಾದ್ರೂ ಆದಾಗ ಹಿಡ್ಕೊಳ್ಳೋಕೆ ಒಬ್ಬ ಸಿಗ್ತಾನೆ. ಇದಕ್ಕೆ ಯಾರೂ ಸಿಗಲ್ಲ. ಡಬ್ಬದ ಮೇಲಿರೋ ಫೋನ್ ನಂಬರಿಗೆ ನಾನೇ ಮಾಡಿ ನೋಡಿದ್ದೀನಿ, ಬೇರೆಯವರ ಗಾಡಿ ಹೀಗಾದಾಗ. ಎತ್ತಲ್ಲ."

ಆಮೇಲೆ ಅವನು ಎಣ್ಣೆಯ ಗುಣ ಹೇಳಿದ. ನಮ್ಮಂಥ ಗಾಡಿಯಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಎಣ್ಣೆಯೊಳಗೇ ಮುಳುಗಿರುತ್ತವಂತೆ. ಅವು ಒಂದನ್ನೊಂದು ಹಿಡಿದುಕೊಂಡರೆ ಮಾತ್ರ ಚಕ್ರ ತಿರುಗುತ್ತದೆ. ಎಣ್ಣೆ ತೀರಾ ಜಾರಿದರೆ ಪ್ಲೇಟುಗಳೂ ಜಾರುತ್ತವೆ. ಕಾರಿಗೆ ಅದು ನಡೆಯುತ್ತದೆ, ಮೋಟರ್‌ಸೈಕಲ್ಲಿಗಲ್ಲ. ಡಬ್ಬದಲ್ಲಿ ಇದ್ದದ್ದು ಕಾರಿನ ಎಣ್ಣೆಯ ಜಾತಿಯದೇ ಇರಬೇಕು, ಅದರಲ್ಲೂ ಕಳಪೆ, ಬಿಸಿಯಾದರೆ ನೀರಾಗುವಂಥದ್ದು ಎಂದ. ನಾವು ಬೆರಳಿನಲ್ಲಿ ಉಜ್ಜಿ ಮೆಚ್ಚಿದ್ದು ಅದರ ಕೆಡುಕನ್ನೇ. ಕೊಬ್ಬರಿ ಎಣ್ಣೆ ಕಲಿಸಿದ ವಿದ್ಯೆ ಕೊಬ್ಬರಿ ಎಣ್ಣೆಗೆ ಸರಿ.

"ವಾರಂಟಿ ಬರಲ್ಲ ಮೇಡಂ. ಚೌಕ ಇಲ್ಲದ ಆಯಿಲ್ ಅಂತ ನಾನು ಬರೆಯಲೇಬೇಕು. ಡಬ್ಬ ನೀವೇ ತಂದು ಕೊಟ್ಟಿದ್ದೀರಲ್ಲ."

ನಾನು ಕೂಗಾಡಿದೆ. ಅಚ್ಚು ಹಾಕಿದವನನ್ನು ಬಿಟ್ಟು ಓದಿ ನಂಬಿದವಳನ್ನು ಹಿಡಿಯುತ್ತೀರಲ್ಲ, ಇದು ಯಾವ ನ್ಯಾಯ ಎಂದು ಕೇಳಿದೆ. ಅವನು ಅಜ್ಜಿ, ಅಜ್ಜಿ ಎನ್ನುತ್ತಾ ನೀರು ತರಿಸಿದ. ಮಗಳು ಮಾತ್ರ ಆ ಎರಡು ಡಬ್ಬಗಳನ್ನೇ ನೋಡುತ್ತಿದ್ದಳು. ಅವಳ ತಲೆಯೊಳಗೆ ಏನು ಓಡುತ್ತಿದೆ ಎಂದು ನನಗೆ ಗೊತ್ತಿತ್ತು. ನಂಬರ್ ಇಲ್ಲದ ಕಡ್ಡಿಯನ್ನು ಅವಳು ಒಂದು ದಿನವೂ ಮುಟ್ಟಿದವಳಲ್ಲ.

ಲಾರಿಯ ಹತ್ತಿರ ಹೋಗಿ ಕೇಳಿಕೊಂಡೆವು. ಬೇರೆ ಕ್ಯಾನ್ ಇದ್ದರೆ ತುಂಬಿಸಿ ಕೊಡಿ, ಆಮೇಲೆ ಹಿಂದಿರುಗಿಸುತ್ತೇವೆ ಎಂದು. ಕ್ಯಾನ್ ಎಲ್ಲಿದೆ ಎಂದರು. ಮನೆಯಲ್ಲಿದೆ ಎಂದೆವು. ಮನೆಯಲ್ಲಿದ್ದರೆ ಮನೆಗೇ ಲಾರಿ ತರಬೇಕಾ ಎಂದು ನಕ್ಕರು. ಬಸ್ಸಿನಲ್ಲಿ ಬರುವಾಗ ಮಗಳು ಕಿಟಕಿಗೆ ತಲೆ ಆನಿಸಿಕೊಂಡು ಕಣ್ಣು ಮುಚ್ಚಿದ್ದಳು. ನಿದ್ದೆ ಮಾಡುತ್ತಿರಲಿಲ್ಲ.

ಕ್ಯಾನ್ ಆರಿತು. ಪಟ್ಟಿ ಅದ್ದಿ ತೆಗೆದರೆ ಕಪ್ಪಗೇ ಬಂತು, ಒಂದು ಚುಕ್ಕೆಯೂ ಬಿಳುಪಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಎದುರುಮನೆಯವಳು ಬಂದಳು. ಅವಳಿಗೆ ಇರುವುದು ಒಂದೇ ಹಸು. ಬೆಳಗಿನಿಂದ ಕೂಗುತ್ತಿದ್ದದ್ದು ನಮ್ಮ ಮನೆಗೂ ಕೇಳಿಸುತ್ತಿತ್ತು. ಅಲ್ಲಿಗೆ ಗಾಡಿ ಬೇಕಿರಲಿಲ್ಲ, ರಸ್ತೆ ದಾಟಿದರೆ ಸಾಕು.

"ಬಾವ್ವ, ಬಂದು ಹಾಕ್ಬುಡು. ಹೋದ್ಸಲಾನೂ ತಪ್ಪೋಯ್ತು."

"ಗ್ಯಾಸ್ ಆರೋಗೈತೆ ಕಣಕ್ಕ. ಕಡ್ಡಿ ಸತ್ತೋಗವೆ."

"ತಗಿ, ನೋಡಾನ."

ಮಗಳು ಒಂದು ಕಡ್ಡಿ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು. ಎದುರುಮನೆಯವಳು ಕಣ್ಣಿನ ಹತ್ತಿರ ಹಿಡಿದಳು.

"ನಂಬರ್ ಐತಲ್ಲೇ. ಇಷ್ಟ್ ದಿನ ನಂಬರ್ ನೋಡು, ನಂಬರ್ ನೋಡು ಅಂತ ನೀನೇ ಪ್ರಾಣ ತಿಂತಿದ್ದೆ."

"ನಂಬರ್ ಐತೆ. ಒಳಗೆ ಜೀವ ಇಲ್ಲ."

"ನಂಗೇನ್ ಕಾಣ್ತೈತೆ? ಹಾಕ್ಬುಡು. ಗಬ್ಬ ನಿಂತ್ರೆ ನಿಂತ್ಕತ್ತದೆ."

ಆಗ ನಾನು ಮಗಳನ್ನು ಒಳಗೆ ಕರೆದೆ. ಹಾಕಿಬಿಡೇ ಎಂದೆ. "ಒಳ್ಳೇ ಕಡ್ಡಿ ಹಾಕಿದ್ರೂ ಎಷ್ಟೋ ಸಲ ನಿಲ್ಲಲ್ಲ. ಅವ್ಳೇ ಹಾಕು ಅಂತವ್ಳೆ. ಯಾರ್ ಕೇಳ್ತಾರೆ?" ಮನೆಯಲ್ಲಿ ರಾಗಿ ತಳ ಮುಟ್ಟಿತ್ತು. ಹೇಳಿದ್ದು ನಾನೇ, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಅವಳು ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಆ ಎಣ್ಣೆಯೋನೂ ಹಿಂಗೇ ಅಂದ್ಕೊಂಡಿರ್ತಾನೆ ಕಣವ್ವ."

ಹೊರಗೆ ಹೋಗಿ, ಆಗುವುದಿಲ್ಲ, ಬೇರೆಯವರನ್ನು ಕರೆಸಿಕೊಳ್ಳಿ ಎಂದಳು. ಎದುರುಮನೆಯವಳು ನಮ್ಮ ಜಗಲಿಯ ಮೇಲೆ ನಿಂತೇ ಜಾವಗಲ್ಲಿನವನಿಗೆ ಫೋನ್ ಮಾಡಿದಳು. ಕೆಂಪು ಪ್ಲಸ್ ಗುರುತಿನ ಗಾಡಿ ಬಂತು. ಅವನು ಕಡ್ಡಿ ತೆಗೆದ, ಏನನ್ನೂ ಓದಲಿಲ್ಲ, ಯಾರಿಗೂ ತೋರಿಸಲಿಲ್ಲ. ಕೆಲಸ ಮುಗಿಸಿ ಕೈ ತೊಳೆದುಕೊಂಡ. "ಕಾಫಿ ಕುಡೀರಿ ಡಾಕ್ಟ್ರೇ" ಎಂದಳು ಅವಳು.

ಆ ಹಸು ಗಬ್ಬ ನಿಂತಿತು.

ಬೀದಿಯವರೆಲ್ಲ ನೋಡಿದರು. ಆಮೇಲೆ ನಮ್ಮ ಮನೆಗೆ ಯಾರೂ ಸೂಜಿಗೆಂದು ಬಂದದ್ದಿಲ್ಲ. ಅವನ ಕೈಗುಣ ಚೆನ್ನಾಗಿದೆ, ಆ ಹುಡುಗಿ ಬರೀ ನಂಬರ್ ಓದುತ್ತಿದ್ದಳು ಎಂದು ಅರಳಿಕಟ್ಟೆಯಲ್ಲಿ ತೀರ್ಮಾನವಾಯಿತು. ಎಣ್ಣೆಗೆ ಚೌಕ ಇಲ್ಲವೆಂದು ಮಗಳ ಗಾಡಿ ಹೋಯಿತು. ಅವನಿಗೆ ಯಾವ ಚೌಕವೂ ಇಲ್ಲ, ಅವನದು ಓಡುತ್ತಿದೆ. ಅವಳ ಸರ್ಟಿಫಿಕೇಟು ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ಕೂತಿದೆ, ಅದನ್ನು ಓದುವವರು ಮನೆಯವರು ಮಾತ್ರ. ನಾನು ಎಷ್ಟು ತಿರುವಿ ನೋಡಿದರೂ ಇದಕ್ಕೆ ಒಂದು ಸರಿಯಾದ ಅರ್ಥ ಸಿಕ್ಕಿಲ್ಲ. ಸಿಗುತ್ತದೆ ಎಂದು ಕಾಯುತ್ತಲೂ ಇಲ್ಲ.

ರಿಪೇರಿಗೆ ದುಡ್ಡು ಹೊಂದಿಸಲಾಗದೆ ಗಾಡಿ ಇನ್ನೂ ಷೋರೂಮಿನ ಹಿಂದಿನ ಶೆಡ್ಡಿನಲ್ಲಿ ಬಿಚ್ಚಿದ ಹಾಗೇ ಇದೆ. ಹಳೇಬೀಡಿನ ಮೆಕ್ಯಾನಿಕ್ಕಿನ ಗೋಡೆಯಲ್ಲಿ ಈಗ ಬೇರೆ ಕಂಪನಿಯ ಗಡಿಯಾರ ಬಂದಿದೆಯಂತೆ. ಮಗಳು ದಿನಾ ಬೆಳಗಿನ ಬಸ್ಸಿಗೆ ಅರಸೀಕೆರೆಯ ಕೊಬ್ಬರಿ ಮಂಡಿಗೆ ಹೋಗುತ್ತಾಳೆ. ಒಳ್ಳೆಯದು ಕೆಟ್ಟದ್ದು ಬೇರೆ ಮಾಡಿ ಆರಿಸುವ ಕೆಲಸ. ನಾನು ಯಾವ ವಾಸನೆ ಹೊತ್ತು ಮನೆಗೆ ಬರುತ್ತಿದ್ದೆನೋ ಈಗ ಅವಳೂ ಅದೇ ವಾಸನೆ ಹೊತ್ತು ಬರುತ್ತಾಳೆ. ಅದರಿಂದ ಅವಳನ್ನು ದಾಟಿಸಿದೆ ಎಂದು ನಾನು ಸ್ವಲ್ಪ ಕಾಲ ಮೆರೆದಿದ್ದೆ.

ಕಣಕಟ್ಟೆ ಕಡೆಯ ತೋಟದ ಮನೆಗಳವರಿಗೆ ಈ ಸುದ್ದಿ ಪೂರ್ತಿ ಮುಟ್ಟಿಲ್ಲ. ಆಗೊಮ್ಮೆ ಈಗೊಮ್ಮೆ ಫೋನ್ ಬರುತ್ತದೆ. ಮೊನ್ನೆ ಊಟಕ್ಕೆ ಕೂತಾಗಲೂ ಬಂತು. ಆ ಕಡೆಯವನು ಗಟ್ಟಿ ಗಂಟಲಿನವನು, ನನಗೂ ಕೇಳಿಸಿತು. ಹಸು ಬೆಳಿಗ್ಗೆಯಿಂದ ಕೂಗುತ್ತಿದೆ, ಬೇಗ ಬಾ ಎಂದ.

"ನನ್ ಗಾಡಿ ಇಲ್ಲ ಕಣಣ್ಣ. ಒಂದ್ ನಂಬರ್ ಹೇಳ್ತೀನಿ, ಬರ್ಕೊ," ಎಂದು ಮಗಳು ಜಾವಗಲ್ಲಿನವನ ಫೋನ್ ನಂಬರನ್ನು ಒಂದೊಂದಾಗಿ, ಗಟ್ಟಿಯಾಗಿ, ಹೋರಿಯ ನಂಬರ್ ಓದುತ್ತಿದ್ದ ಹಾಗೇ ಓದಿ ಹೇಳಿದಳು.

ನಾನು ತುತ್ತನ್ನು ತಟ್ಟೆಗಿಟ್ಟೆ. "ಅವುನ್ ನಂಬರ್ ನೀನ್ಯಾಕೇ ಕೊಡ್ತೀಯ?"

ಅವಳು ಫೋನ್ ಕೆಳಗಿಟ್ಟು ಮುದ್ದೆ ಮುರಿದಳು.

"ಹಸ ಕಾಯಲ್ವಲ್ಲವ್ವ," ಎಂದಳು.